ಆನೆ ಬಂದದೆ, ಆನೆ ಬಂದದಂತೆ

ಒಂದು ವಾಕ್ಯ ಹೇಳ್ತೀನಿ. ಅರ್ಥ ಏನು ಅಂತ ನೀವೇ ಹೇಳಿ.

"ಐ ಡೌಟ್ ದೇರ್ ಈಸ್ ಎ ಮೆಮೊರಿ ಲೀಕ್ ಇನ್ ದಿಸ್ ಮಾಡ್ಯೂಲ್."

ಬರೆದವನು ನಮ್ಮ ಟೀಮಿನಲ್ಲಿದ್ದ ಪಿರಿಯಾಪಟ್ಟಣದ ಹುಡುಗ. ನಾನು ಹುಣಸೂರಿನವನು. ಸಿಸಿಯಲ್ಲಿದ್ದ ನನಗೆ ಅದು ಕನ್ನಡದಷ್ಟೇ ಸಲೀಸಾಗಿ ಅರ್ಥವಾಯ್ತು. "ಈ ಮಾಡ್ಯೂಲಲ್ಲಿ ಲೀಕ್ ಇದೆ ಅಂತ ನಂಗೆ ಡೌಟು." ಅಂದರೆ ಇದೆ, ಹುಷಾರು. ಆದರೆ ಮೇಲ್ ಹೋಗಿದ್ದು ಅಮೆರಿಕದಲ್ಲಿ ಕೂತಿದ್ದ ಕ್ಲೈಂಟಿಗೆ. ಅವರು ಓದಿಕೊಂಡಿದ್ದು, "ಲೀಕ್ ಇರಲಿಕ್ಕಿಲ್ಲ" ಅಂತ. ಅವರದೇನೂ ತಪ್ಪಿಲ್ಲ, ಇಂಗ್ಲಿಷಿನಲ್ಲಿ ಆ ವಾಕ್ಯದ ಅರ್ಥವೇ ಅದು. ನಮ್ಮ ಡೌಟು "ಇದೆ" ಕಡೆಗೆ ವಾಲುತ್ತೆ, ಅವರ ಡೌಟ್ "ಇಲ್ಲ" ಕಡೆಗೆ ವಾಲುತ್ತೆ. ಶುಕ್ರವಾರ ರಾತ್ರಿ ರಿಲೀಸ್ ಮಾಡಿದರು. ಶನಿವಾರ ಬೆಳಗ್ಗೆ ಬಿಲ್ಲಿಂಗ್ ಸರ್ವರ್ ಮಲಗಿತ್ತು.

ಸೋಮವಾರ ಕಾಲ್. ನಿಮ್ಮ ಎಂಜಿನಿಯರೇ ಲೀಕ್ ಇಲ್ಲ ಅಂತ ಬರೆದುಕೊಟ್ಟಿದ್ದಾನಲ್ಲ ಅಂದರು. ಹುಡುಗ ನನ್ನ ಮುಖ ನೋಡಿದ. ಎರಡು ದಿನ ಮೊದಲೇ ತೊಂದರೆ ಹಿಡಿದವನು ಅವನು, ಗ್ರಾಫ್ ಕೂಡ ಅಟ್ಯಾಚ್ ಮಾಡಿದ್ದ. ಏನಾಯ್ತು ಅಂತ ಬರೆದುಕೊಡು ಅಂತ ಮ್ಯಾನೇಜರ್ ನನಗೆ ಹೇಳಿದರು. ನಾನು ಬರೆದೆ:

"ಇಟ್ ಸೀಮ್ಸ್ ದೇರ್ ಮೈಟ್ ಹ್ಯಾವ್ ಬೀನ್ ಎ ಸ್ಲೈಟ್ ಮಿಸ್‌ಕಮ್ಯುನಿಕೇಶನ್, ಮೇ ಬಿ ಫ್ರಮ್ ಬೋತ್ ಸೈಡ್ಸ್, ಐ ಥಿಂಕ್."

ಎಣಿಸಿ ನೋಡಿ. ಸೀಮ್ಸ್, ಮೈಟ್, ಸ್ಲೈಟ್, ಮೇ ಬಿ, ಐ ಥಿಂಕ್. ಒಂದು ವಾಕ್ಯದಲ್ಲಿ ಐದು ಪುಕ್ಕಲು ಮಾತು. ನನಗೆ ಇದರಲ್ಲಿ ಒಂದಾದರೂ ಅನುಮಾನ ಇತ್ತಾ? ಇರಲಿಲ್ಲ. "ಇವನು ಬುಧವಾರವೇ ಲೀಕ್ ಪತ್ತೆ ಮಾಡಿದ. ಗ್ರಾಫ್ ಅವನ ಮೇಲ್‌ನಲ್ಲೇ ಇದೆ. ಡೌಟ್ ಅನ್ನೋ ಒಂದು ಪದವನ್ನು ತಪ್ಪಾಗಿ ಬಳಸಿದ." ಇಷ್ಟು ಬರೆದಿದ್ದರೆ ಮುಗಿದಿತ್ತು. ಬರೀಲಿಲ್ಲ. ಆ ವರ್ಷ ಅವನ ಅಪ್ರೈಸಲ್‌ನಲ್ಲಿ "ಕಮ್ಯುನಿಕೇಶನ್ ವೀಕ್" ಅಂತ ಬಂತು, ಹೈಕ್ ನಿಂತಿತು, ನಾಲ್ಕು ತಿಂಗಳಲ್ಲಿ ಕೆಲಸ ಬಿಟ್ಟ. ಅವರ ಮನೆಯಲ್ಲಿ ಎಂಜಿನಿಯರ್ ಆದ ಮೊದಲನೆಯವನು ಅವನು. ನಾನು ಆರಾಮಾಗಿ ಅಲ್ಲೇ ಉಳಿದೆ.

ಅವನು ಒಂದು ಪದ ತಪ್ಪು ಬರೆದ, ನಾನು ಐದು ಪದ ಹೆದರಿ ಬರೆದೆ. ಯಾರದು ವೀಕ್ ಕಮ್ಯುನಿಕೇಶನ್ನು?

ಇಂಥ ಪದಗಳಿಗೆ ಇಂಗ್ಲಿಷಿನವರು "ಹೆಡ್ಜ್" ಅಂತಾರೆ, ಅಂದರೆ ಬೇಲಿ. ಪರ್ಹ್ಯಾಪ್ಸ್, ಮೇ, ಮೈಟ್, ಐ ಥಿಂಕ್, ಸೀಮ್ಸ್ ಎಲ್ಲ ಬೇಲಿ. ಇದರ ಎದುರು ಪಾರ್ಟಿ ವೆರಿ, ರಿಯಲಿ, ಅಬ್ಸಲ್ಯೂಟ್ಲಿ, ಟೋಟಲಿ. ಅವು ಒತ್ತಿ ಹೇಳುವ ಮಾತುಗಳು. ನಾನು ಬೇಲಿಪದ, ಒತ್ತುಪದ ಅಂತ ಕರೀತೀನಿ. ನೋಡೋಕೆ ಒಂದಕ್ಕೊಂದು ವೈರಿಗಳು, ಆದರೆ ಎರಡೂ ಮಾಡಬೇಕಾದ ಕೆಲಸ ಒಂದೇ: ಈ ಮಾತಿಗೆ ಬರೆದವನು ಎಷ್ಟು ಜವಾಬ್ದಾರ ಅಂತ ಓದುವವನಿಗೆ ತಿಳಿಸೋದು.

ಆ ಘಟನೆ ಆದಮೇಲೆ ಆಫೀಸಿನವರು ಏನು ಮಾಡಿದರು ಹೇಳಿ? ಎಲ್ಲ ಆಫೀಸೂ ಮಾಡೋದನ್ನೇ. ಅರ್ಧ ದಿನದ ವರ್ಕ್‌ಶಾಪ್ ಇಟ್ಟರು. ಸೂಟು ಹಾಕಿಕೊಂಡು ಬಂದ ಟ್ರೇನರ್ ಒಂದು ಸ್ಲೈಡ್ ಹಾಕಿದ. ಐ ಥಿಂಕ್, ಮೇ ಬಿ, ಪರ್ಹ್ಯಾಪ್ಸ್, ಜಸ್ಟ್, ಎಲ್ಲದರ ಮೇಲೂ ಕೆಂಪು ಇಂಟು. "ಇವು ಸೋತವರ ಪದಗಳು, ಇವತ್ತೇ ಡಿಲೀಟ್ ಮಾಡಿ, ಕಾನ್ಫಿಡೆಂಟ್ ಆಗಿ ಬರೀರಿ" ಅಂದ. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ನಮ್ಮಲ್ಲಿ ಕೆ.ಆರ್. ನಗರದವಳೊಬ್ಬಳು ಟೆಸ್ಟರ್ ಇದ್ದಾಳೆ. ಮೊದಲೆಲ್ಲ "ಐ ಥಿಂಕ್ ದ ಟೆಸ್ಟ್ಸ್ ಆರ್ ಓಕೆ" ಅಂತ ಬರೀತಿದ್ದಳು. ವರ್ಕ್‌ಶಾಪ್ ಮುಗಿದ ಮುಂದಿನ ವಾರ ಬರೆದಳು: "ಎವ್ರಿಥಿಂಗ್ ಈಸ್ ಅಬ್ಸಲ್ಯೂಟ್ಲಿ ಫೈನ್." ಕಾಫಿ ಕುಡಿಯುವಾಗ ಕೇಳಿದೆ, ಎಲ್ಲ ಓಡಿಸಿದ್ಯಾ ಅಂತ. "ನಾಲ್ಕು ಟೆಸ್ಟ್ ಓಡ್ಸೇ ಇಲ್ಲ ಕಣೋ. ಆದ್ರೆ ಮೇಬಿ ಅಂತ ಬರೆದ್ರೆ ಕಾನ್ಫಿಡೆನ್ಸ್ ಇಲ್ಲ ಅಂತಾರಲ್ಲ!"

ನೋಡಿ, ಟ್ರೇನರ್ ಕೊಟ್ಟ ಔಷಧಿ ಇದು. ಮೊದಲು ಅವಳ ಮೇಲ್‌ನಲ್ಲಿ ಅಸ್ಪಷ್ಟವಾದ ಒಂದು ಸತ್ಯ ಇತ್ತು, ಈಗ ಸ್ಪಷ್ಟವಾದ ಒಂದು ಸುಳ್ಳು ಬಂತು. ಬೇಕಾಗಿದ್ದು ಎರಡೂ ಅಲ್ಲ. "40 ಟೆಸ್ಟ್‌ಗಳಲ್ಲಿ 36 ಓಡಿಸಿದ್ದೇನೆ, ಪಾಸಾಗಿವೆ. ಉಳಿದ 4 ನಾಳೆ ಮಧ್ಯಾಹ್ನದೊಳಗೆ." ಇದರಲ್ಲಿ "ಐ ಥಿಂಕ್" ಇಲ್ಲ, "ಅಬ್ಸಲ್ಯೂಟ್ಲಿ" ಇಲ್ಲ. ಗೊತ್ತಿರೋದು, ಗೊತ್ತಿಲ್ಲದ್ದು ಎರಡರ ನಡುವೆ ಒಂದು ಗೆರೆ ಇದೆ. ನಿಜವಾದ ಬೇಲಿ ಅಂದರೆ ಅದು. ಹೊಲದ ಅಂಚಿಗೆ ಹಾಕಿದ್ದು. ಹೊಲದ ತುಂಬ ಬೇಲಿಯನ್ನೇ ನೆಟ್ಟರೆ ಬೆಳೆ ಎಲ್ಲಿ ಬೆಳೆಯುತ್ತೆ? ನನ್ನ ಐದು ಪದದ ವಾಕ್ಯ ಹಾಗಿತ್ತು, ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಇನ್ನು ಟ್ರೇನರ್ ಹೇಳಿದ್ದು ಬೇಲಿಯನ್ನೇ ಕಿತ್ತು ಹಾಕು ಅಂತ. ಕಾಡಂಚಿನಲ್ಲಿ ಬೇಲಿ ಕಿತ್ತವನ ಗತಿ ಏನಾಗುತ್ತೆ ಅಂತ ಸೂಟು ಹಾಕಿದವನಿಗೆ ಗೊತ್ತಿಲ್ಲ. ನನಗೆ ಗೊತ್ತು.

ನಮ್ಮೂರು ಹುಣಸೂರು ತಾಲ್ಲೂಕಿನ ಹನಗೋಡು ಕಡೆ. ಅಲ್ಲಿಂದ ನಾಗರಹೊಳೆ ಕಾಡು ದೂರವಿಲ್ಲ. ಸಣ್ಣವನಿದ್ದಾಗ ರಾತ್ರಿ ಹೊತ್ತು ಊರಲ್ಲಿ ಐದು ಥರದ ಸುದ್ದಿ ಬರ್ತಿತ್ತು.

"ಆನೆ ಬಂದದೆ." ಅಂದರೆ ಹೇಳಿದವನು ಕಣ್ಣಾರೆ ಕಂಡಿದ್ದಾನೆ. ಟಾರ್ಚು, ಪಟಾಕಿ, ತಮಟೆ ತಗೊಂಡು ಹೊರಡಬೇಕು.

"ಆನೆ ಬಂದದಂತೆ." ಇವನು ಕಂಡಿಲ್ಲ, ಯಾರೋ ಹೇಳಿದ್ದಾರೆ. ಮೊದಲು ಆ ಯಾರೋ ಯಾರು ಅಂತ ಕೇಳಬೇಕು.

"ಆನೆ ಬಂದಿರ್ಬೇಕು." ಲದ್ದಿ ಬಿದ್ದಿದೆ, ಬಾಳೆ ಮುರಿದಿದೆ. ಆನೆ ಕಂಡಿಲ್ಲ, ಗುರುತು ಕಂಡಿದೆ. ಬೆಳಗಿನ ಜಾವ ಒಬ್ಬರೇ ಹೊಲಕ್ಕೆ ಹೋಗೋ ಹಾಗಿಲ್ಲ.

"ಆನೆ ಬಂದಿರ್ಬೌದು." ನಾಯಿ ಬೊಗಳ್ತಾವೆ, ಅಷ್ಟೇ. ಬಾಗಿಲು ತೆಗೆಯೋ ಮುಂಚೆ ಕಿವಿಗೊಟ್ಟು ಕೇಳು.

"ಆನೆ ಬಂದೀತು." ಇನ್ನೂ ಬಂದಿಲ್ಲ. ಆದರೆ ಹಲಸು ಹಣ್ಣಾಗಿದೆ, ಭತ್ತ ತೆನೆಗೆ ಬಂದಿದೆ. ಇವತ್ತು ಅಟ್ಟಣೆಯಲ್ಲಿ ಒಬ್ಬ ಮಲಗಲಿ.

ಕ್ರಿಯಾಪದದ ಬಾಲ ಬದಲಾದರೆ ರಾತ್ರಿಯೇ ಬದಲಾಗ್ತಿತ್ತು. ಒಂದ್ಸಲ ನಾನು ಪಕ್ಕದ ಮನೆಯವರು ಹೇಳಿದ್ದನ್ನು ಕೇಳಿ "ಆನೆ ಬಂದದೆ" ಅಂತ ಕೂಗಿಬಿಟ್ಟೆ. ಅರ್ಧ ಊರು ಎದ್ದು ಬಂತು. ಆನೆಯೂ ಇಲ್ಲ, ಏನೂ ಇಲ್ಲ. ದೊಡ್ಡಪ್ಪ ಕಿವಿ ಹಿಡಿದು ಕೇಳಿದ್ದು ಒಂದೇ ಮಾತು: "ನೀನ್ ನೋಡಿದ್ದಾ, ಕೇಳಿದ್ದಾ?"

ಮುಂದೆ ಹೈಸ್ಕೂಲಿನಲ್ಲಿ "ಬಂದಾನು, ಬಂದೀತು" ಇವೆಲ್ಲ ಸಂಭಾವನಾರ್ಥಕ ರೂಪ ಅಂತ ಕನ್ನಡ ಮೇಷ್ಟ್ರು ಬರೆಸಿದರು, ನಾವು ಎರಡು ಮಾರ್ಕಿಗೆ ಉರು ಹೊಡೆದೆವು. ಅದೇ ನಮ್ಮ ಕೈಲಿದ್ದ ತಕ್ಕಡಿ ಅಂತ ಯಾರೂ ಹೇಳಲಿಲ್ಲ. "ಅಂತೆ" ಅನ್ನೋ ಎರಡಕ್ಷರಕ್ಕೆ ಇಂಗ್ಲಿಷಿನಲ್ಲಿ ಸರಿಸಮವಾದ ಒಂದು ಪ್ರತ್ಯಯವೇ ಇಲ್ಲ, "ರಿಪೋರ್ಟೆಡ್ಲಿ" ಅಂತಲೋ "ಐ ಆಮ್ ಟೋಲ್ಡ್" ಅಂತಲೋ ಬೇರೆ ಪದ ತರಬೇಕು. ಕಂಡಿದ್ದು, ಕೇಳಿದ್ದು, ಊಹಿಸಿದ್ದು ಮೂರನ್ನೂ ನಾವು ಉಸಿರಾಡಿದಷ್ಟು ಸಲೀಸಾಗಿ ಬೇರೆ ಮಾಡ್ತಿದ್ದವರು. ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರು ಮಾಡಿ, ಬೆಂಗಳೂರಿಗೆ ಬಂದು, ಲ್ಯಾಪ್‌ಟಾಪ್ ತೆಗೆದ ಕೂಡಲೇ ಆ ತಕ್ಕಡಿಯನ್ನು ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ಬಂದಹಾಗೆ ಬರೀತೀವಿ. ಎಲ್ಲದಕ್ಕೂ ಒಂದೇ "ಐ ಥಿಂಕ್". ಕಂಡಿದ್ದಕ್ಕೂ ಐ ಥಿಂಕ್, ಕೇಳಿದ್ದಕ್ಕೂ ಐ ಥಿಂಕ್.

ಇದೆಲ್ಲ ಹಳ್ಳಿ ಮಾತು, ಪ್ರೊಫೆಶನಲ್ ಬರವಣಿಗೆಗೂ ಇದಕ್ಕೂ ಏನು ಸಂಬಂಧ ಅನ್ನೋರಿಗೆ ಒಂದು ಉದಾಹರಣೆ. ಹವಾಮಾನ ಬದಲಾವಣೆ ಬಗ್ಗೆ ವರದಿ ಕೊಡುವ ಐಪಿಸಿಸಿ ತನ್ನ ಬೇಲಿಪದಗಳಿಗೆ ಅಂಕಿ ಕಟ್ಟಿಕೊಂಡಿದೆ. "ಲೈಕ್ಲಿ" ಅಂದರೆ ಕನಿಷ್ಠ ಶೇ. 66 ಸಾಧ್ಯತೆ, "ವೆರಿ ಲೈಕ್ಲಿ" ಅಂದರೆ ಕನಿಷ್ಠ ಶೇ. 90, "ಎಕ್ಸ್‌ಟ್ರೀಮ್ಲಿ ಲೈಕ್ಲಿ" ಅಂದರೆ ಕನಿಷ್ಠ ಶೇ. 95. ಇತ್ತೀಚಿನ ದಶಕಗಳಲ್ಲಿ ಭೂಮಿ ಬಿಸಿಯಾಗೋಕೆ ಮುಖ್ಯ ಕಾರಣ ಮನುಷ್ಯ ಅನ್ನೋದು 2001ರಲ್ಲಿ "ಲೈಕ್ಲಿ" ಆಗಿತ್ತು, 2007ರಲ್ಲಿ "ವೆರಿ ಲೈಕ್ಲಿ", 2013ರಲ್ಲಿ "ಎಕ್ಸ್‌ಟ್ರೀಮ್ಲಿ ಲೈಕ್ಲಿ". 2021ರಲ್ಲಿ ಬೇಲಿ ತೆಗೆದು, ಭೂಮಿಯನ್ನು ಮನುಷ್ಯನೇ ಬಿಸಿ ಮಾಡಿದ್ದಾನೆ, ಇದರಲ್ಲಿ ಎರಡು ಮಾತಿಲ್ಲ ಅಂದರು. ಒಂದು ಬೇಲಿ ಕೀಳೋಕೆ 20 ವರ್ಷ ತಗೊಂಡರು. ಟ್ರೇನರ್ ಅರ್ಧ ದಿನದಲ್ಲಿ ಕೀಳಿಸ್ತಾನೆ.

ಅಂಕಿ ಕಟ್ಟದಿದ್ದರೆ ಏನಾಗುತ್ತೆ ಅನ್ನೋದಕ್ಕೂ ಒಂದು ಕಥೆ ಇದೆ. 1951ರಲ್ಲಿ ಅಮೆರಿಕದ ಸಿಐಎ ಒಂದು ವರದಿ ಬರೆಯಿತು. ಯುಗೊಸ್ಲಾವಿಯಾ ಮೇಲೆ ದಾಳಿ ಆಗುವ "ಸೀರಿಯಸ್ ಪಾಸಿಬಿಲಿಟಿ" ಇದೆ ಅಂತ. ಅದನ್ನು ಸಿದ್ಧಪಡಿಸಿದ ಶೆರ್ಮನ್ ಕೆಂಟ್ ಮನಸ್ಸಿನಲ್ಲಿ ಇದ್ದಿದ್ದು ನೂರಕ್ಕೆ 65. ಓದಿದ ಅಧಿಕಾರಿ ಅದಕ್ಕಿಂತ ಎಷ್ಟೋ ಕಮ್ಮಿ ಅಂದುಕೊಂಡಿದ್ದರು. ಕೆಂಟ್ ಗಾಬರಿಯಾಗಿ, ಜೊತೆಗೆ ಕೂತು ಆ ವರದಿ ಒಪ್ಪಿದ್ದವರನ್ನೇ ಕೇಳಿದರು. ಒಬ್ಬರು 20 ಅಂದರೆ ಇನ್ನೊಬ್ಬರು 80 ಅಂದರು. ಒಂದೇ ಪದಕ್ಕೆ ಸಹಿ ಹಾಕಿದವರ ತಲೆಯಲ್ಲೇ ಒಂದೇ ಅರ್ಥ ಇರಲಿಲ್ಲ. ನಮ್ಮ "ಐ ಡೌಟ್" ಕಥೆಯೂ ಇದೇ ತಾನೆ? ಬೇಲಿ ಹಾಕೋದು ತಪ್ಪಲ್ಲ, ಆ ಬೇಲಿ ಎಲ್ಲಿದೆ ಅಂತ ಆಚೆ ಕಡೆಯವನಿಗೂ ಕಾಣಬೇಕು.

ಇನ್ನು ಒತ್ತುಪದಕ್ಕೆ ಬರೋಣ. ಇಲ್ಲೂ ನನ್ನ ಮರ್ಯಾದೆ ಹೋದ ಕಥೆಯೇ ಇದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ದೊಡ್ಡಪ್ಪನ ಮುಸುಕಿನ ಜೋಳಕ್ಕೆ ಆನೆ ನುಗ್ಗಿತು. ಪರಿಹಾರಕ್ಕೆ ಅರ್ಜಿ ಹಾಕಬೇಕು. "ನೀನ್ ಇಂಗ್ಲಿಷಲ್ಲೇ ಬರಿ ಮಗ, ಬಿರ್ನೆ ಕೆಲ್ಸ ಆಯ್ತದೆ" ಅಂದರು. ನಾನು ನನ್ನ ಡಿಗ್ರಿಯನ್ನೆಲ್ಲ ಸುರಿದು ಬರೆದೆ: "ವೆರಿ ವೆರಿ ಹ್ಯೂಜ್ ಅಂಡ್ ಟೋಟಲಿ ಕಂಪ್ಲೀಟ್ ಡ್ಯಾಮೇಜ್." ಕಚೇರಿಯ ಗುಮಾಸ್ತರು ಕನ್ನಡಕ ಏರಿಸಿ ಎರಡು ಸಲ ಓದಿದರು. ಆಮೇಲೆ ಕೇಳಿದರು: "ಎಷ್ಟು ಗುಂಟೆ?"

ಒಂದು ಪುಟದ ಅರ್ಜಿಯಲ್ಲಿ ಗುಂಟೆ ಲೆಕ್ಕ ಇರಲಿಲ್ಲ. ಸರ್ವೆ ನಂಬರ್ ಇರಲಿಲ್ಲ. ಯಾವ ತಾರೀಕು ಅಂತಲೂ ಇರಲಿಲ್ಲ. ವೆರಿ ಮಾತ್ರ ಎರಡಿತ್ತು. ವಾಪಸ್ ಬಂದು ಕನ್ನಡದಲ್ಲಿ ನಾಲ್ಕು ಸಾಲು ಬರೆದೆವು. ಸರ್ವೆ ನಂಬರ್ ಇಷ್ಟು, ತಾರೀಕು ಇಂಥದ್ದು, 22 ಗುಂಟೆ ಜೋಳ ನಾಶ, "ಹೆಜ್ಜೆ ಗುರುತು ನೋಡಿದರೆ ಮೂರು ಆನೆ ಇದ್ದಿರಬಹುದು". ಆ "ಇದ್ದಿರಬಹುದು" ದೊಡ್ಡಪ್ಪ ಹೇಳಿ ಬರೆಸಿದ್ದು. ಗುಂಟೆ ಅಳೆದಿದ್ದು, ಅದಕ್ಕೆ ಬೇಲಿ ಬೇಡ. ಆನೆ ಕಂಡಿಲ್ಲ, ಅದಕ್ಕೆ ಬೇಕು. ಇಡೀ ಅರ್ಜಿಗೆ ಒಂದೇ ಬೇಲಿಪದ, ಇರಬೇಕಾದ ಜಾಗದಲ್ಲಿ. ನಾನು ಇವತ್ತಿನವರೆಗೆ ಓದಿದ ಅತ್ಯುತ್ತಮ ಟೆಕ್ನಿಕಲ್ ರೈಟಿಂಗ್ ಅದು.

ಒತ್ತುಪದ ಬರೋದು ಅಳತೆ ಇಲ್ಲದ ಕಡೆ. ಅಳತೆ ಗೊತ್ತಿದ್ದವರು "ತುಂಬಾ" ಅನ್ನಲ್ಲ. ಎಚ್.ಡಿ. ಕೋಟೆಯ ಬೀಚನಹಳ್ಳಿಯಲ್ಲಿರುವ ಕಬಿನಿ ಅಣೆಕಟ್ಟಿನಿಂದ ನೀರು ಬಿಡುವಾಗ "ತುಂಬಾ ನೀರು ಬಿಡ್ತೀವಿ" ಅಂತ ಎಚ್ಚರಿಕೆ ಕೊಟ್ಟರೆ ಹೊಳೆದಂಡೆಯವರು ಏನು ಮಾಡಬೇಕು? ಇಷ್ಟು ಸಾವಿರ ಕ್ಯೂಸೆಕ್ ಅಂತ ಹೇಳಿದರೆ ಪಂಪ್‌ಸೆಟ್ ಎತ್ತಬೇಕಾ, ದನ ಹೊಡೆದುಕೊಂಡು ಹೋಗಬೇಕಾ ಅಂತ ಗೊತ್ತಾಗುತ್ತೆ. ಹವಾಮಾನ ಇಲಾಖೆಯಲ್ಲಂತೂ "ವೆರಿ" ಅನ್ನೋ ಪದಕ್ಕೆ ಬೆಲೆ ಇದೆ. 24 ಗಂಟೆಯಲ್ಲಿ 64.5 ಮಿಲಿಮೀಟರ್ ಬಿದ್ದರೆ ಅದು ಭಾರಿ ಮಳೆ. 115.6 ದಾಟಿದರೆ ಮಾತ್ರ "ಅತಿ ಭಾರಿ". 204.4ರ ಮೇಲೆ ಹೋದರೆ "ಅತ್ಯಂತ ಭಾರಿ". ಒಂದು "ವೆರಿ" ಸಂಪಾದನೆ ಮಾಡಬೇಕಾದರೆ ಮೋಡ 51 ಮಿಲಿಮೀಟರ್ ಹೆಚ್ಚು ಸುರಿಯಬೇಕು. ನಾವು ಲಿಂಕ್ಡ್‌ಇನ್‌ನಲ್ಲಿ ಒಂದು ಸರ್ಟಿಫಿಕೇಟ್ ಸಿಕ್ಕಿದ್ದಕ್ಕೆ "ಎಕ್ಸ್‌ಟ್ರೀಮ್ಲಿ ಥ್ರಿಲ್ಡ್" ಅಂತ ಬರೀತೀವಿ. ನಾಳೆ ಮಗು ಹುಟ್ಟಿದರೆ ಯಾವ ಪದ ಇಟ್ಟಿದ್ದೀಯಪ್ಪ?

ನಮ್ಮ ಹುಣಸೂರು, ಪಿರಿಯಾಪಟ್ಟಣ ಕಡೆ ಹೊಗೆಸೊಪ್ಪು ಬೆಳೆಯೋರು ಬ್ಯಾರನ್ನಿನಲ್ಲಿ ಸೊಪ್ಪು ಬೇಯಿಸಿ, ಬೇಲು ಕಟ್ಟಿ, ತಂಬಾಕು ಮಂಡಳಿಯ ಹರಾಜಿಗೆ ಒಯ್ಯುತ್ತಾರೆ. ಅಲ್ಲಿ "ಸೂಪರ್ ಸೊಪ್ಪು ಸಾರ್, ಅಬ್ಸಲ್ಯೂಟ್ಲಿ ಒಂದನೇ ಕ್ಲಾಸ್" ಅಂತ ಕೂಗಿದರೆ ಕೆಜಿಗೆ ಒಂದು ರೂಪಾಯಿಯೂ ಏರಲ್ಲ. ಕೊಳ್ಳುವವನು ಎಲೆ ಮುಟ್ಟುತ್ತಾನೆ, ಬಣ್ಣ ನೋಡುತ್ತಾನೆ, ರೇಟು ಹೇಳುತ್ತಾನೆ. ಒಳ್ಳೆಯ ಓದುಗನೂ ಹಾಗೇ. ನಿಮ್ಮ ಒತ್ತುಪದ ಬದಿಗೆ ತಳ್ಳಿ ಎಲೆ ಮುಟ್ಟಿ ನೋಡ್ತಾನೆ. ಎಲೆಯೇ ಇಲ್ಲದಿದ್ದರೆ?

ಸರಿ, ಬರೀ ಬೈದು ಹೋಗೋದು ಬೇಡ. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ನಾವು ಎಡವೋ ಕಲ್ಲುಗಳನ್ನೂ ಹೇಳಿಬಿಡ್ತೀನಿ. ಇವೆಲ್ಲ ನನ್ನ ಕಾಲಿಗೇ ತಾಗಿದವು.

ಅನುಮಾನ "ಇದೆ" ಕಡೆಗಿದ್ದರೆ "ಐ ಸಸ್ಪೆಕ್ಟ್" ಬರೀರಿ, "ಇಲ್ಲ" ಕಡೆಗಿದ್ದರೆ ಮಾತ್ರ "ಐ ಡೌಟ್". ಈ ಒಂದನ್ನು ಗೋಡೆಗೆ ಅಂಟಿಸಿಕೊಳ್ಳಿ.

ನಮ್ಮ "ತುಂಬಾ"ಗೆ "ಟೂ" ಹಾಕಬೇಡಿ. "ಯುವರ್ ಡಿಸೈನ್ ಈಸ್ ಟೂ ಸಿಂಪಲ್" ಅಂತ ಹೊಗಳಿ ಬರೆದು ನಾನೊಬ್ಬ ಸಹೋದ್ಯೋಗಿಯ ಮುಖ ಊದಿಸಿದ್ದೇನೆ. "ಟೂ" ಅಂದರೆ ತುಂಬಾ ಅಲ್ಲ, ಅತಿಯಾಯ್ತು ಅಂತ. ಅತಿಯಾದರೆ ಅಮೃತವೂ ವಿಷ ಅಂತೀವಲ್ಲ, ಆ ಅತಿ.

ನಮ್ಮ "ಏ" ಪ್ರತ್ಯಯಕ್ಕೆ "ಓನ್ಲಿ" ಹಾಕಬೇಡಿ. "ಇವತ್ತೇ ಕಳಿಸ್ತೀನಿ" ಅನ್ನೋದು "ಐ ವಿಲ್ ಸೆಂಡ್ ಟುಡೇ ಓನ್ಲಿ" ಆದರೆ, ಇವತ್ತು ಬಿಟ್ಟರೆ ಇನ್ಯಾವತ್ತೂ ಕಳಿಸಲ್ಲ ಅನ್ನೋ ಡಿಸ್ಕೌಂಟ್ ಸೇಲ್ ಬೋರ್ಡ್ ಥರ ಕೇಳುತ್ತೆ. ಎಷ್ಟು ಗಂಟೆಗೆ ಅಂತ ಬರೀರಿ, ಒತ್ತು ತಾನಾಗೇ ಬರುತ್ತೆ.

"ಶ್ಯೂರ್ಲಿ" ನಮ್ಮ ಖಂಡಿತ ಅಲ್ಲ. "ಶ್ಯೂರ್ಲಿ ಯು ಹ್ಯಾವ್ ಸೆಂಟ್ ಇಟ್" ಅಂದರೆ "ಕಳಿಸಿದ್ದೀಯ ತಾನೆ?" ಅಂತ ಕೊಂಕು. ಖಂಡಿತಕ್ಕೆ "ಸರ್ಟನ್ಲಿ" ಇದೆ. "ಕ್ವೈಟ್ ಗುಡ್" ಅಂದರೆ ಅಮೆರಿಕದವನಿಗೆ ಹೊಗಳಿಕೆ, ಎಷ್ಟೋ ಸಲ ಇಂಗ್ಲೆಂಡಿನವನಿಗೆ "ಪರವಾಗಿಲ್ಲ" ಅಷ್ಟೇ. ಯಾರಿಗೆ ಬರೀತಿದ್ದೀರಿ ನೋಡಿಕೊಳ್ಳಿ, ಇಲ್ಲ ಆ ಪದದ ಸಹವಾಸವೇ ಬೇಡ. "ಯೂನಿಕ್" ಅಂದರೆ ಒಂದೇ ಒಂದು ಇರೋದು, ಅದಕ್ಕೆ "ವೆರಿ" ಕೂಡಿಸಿದರೆ ಒಂದೂವರೆ ಆಗಲ್ಲ. ಇನ್ನು "ಐ ವಿಲ್ ಟ್ರೈ". ನಮ್ಮ ಕಡೆ "ನೋಡೋಣ ಬುಡಿ" ಅಂದರೆ ಆಗಲ್ಲ ಅಂತ ಕೇಳಿದವನಿಗೂ ಗೊತ್ತು, ಹೇಳಿದವನಿಗೂ ಗೊತ್ತು. ಆಚೆಯವನು ಅದನ್ನು ಅರ್ಧ ಭರವಸೆ ಅಂತ ಕ್ಯಾಲೆಂಡರಿನಲ್ಲಿ ಬರ್ಕೊಳ್ತಾನೆ. ಆಗಲ್ಲ ಅಂದರೆ ಆಗಲ್ಲ ಅನ್ನಿ.

ಒಂದು ಕಡೆ ಮಾತ್ರ ಬೇಲಿಪದವನ್ನು ಧಾರಾಳವಾಗಿ ಬಳಸಿ: ಯಾರನ್ನಾದರೂ ಏನನ್ನಾದರೂ ಕೇಳುವಾಗ. ನಮಗೆ "ಕಳಿಸ್ರಿ", "ಕಳಿಸ್ತೀರಾ" ಅನ್ನೋ ಬಹುವಚನದಲ್ಲೇ ಮರ್ಯಾದೆ ಇದೆ. ಇಂಗ್ಲಿಷಿಗೆ ಆ "ರಿ" ಇಲ್ಲ ಪಾಪ. ಅದರ ಕೆಲಸವನ್ನು "ಕುಡ್ ಯು", "ವುಡ್ ಯು" ಮಾಡ್ತವೆ. ನಾವು ಅಲ್ಲಿ ಬೇಲಿ ತೆಗೆದು "ಕೈಂಡ್ಲಿ ಸೆಂಡ್" ಅಂತ ಆರ್ಡರ್ ಕೊಟ್ಟು, ಸತ್ಯ ಹೇಳಬೇಕಾದ ಕಡೆ "ಮೇ ಬಿ" ಅಂತ ನಡುಗ್ತೀವಿ. ಪೂರಾ ಉಲ್ಟಾ. ಕೇಳುವಾಗ ಬಾಗಿ, ಹೇಳುವಾಗ ನೆಟ್ಟಗೆ ನಿಲ್ಲಿ.

ಯಾಕೆ ನಡುಗ್ತೀವಿ? ಇದು ಗ್ರಾಮರ್ ಪ್ರಶ್ನೆ ಅಲ್ಲ ಅಂತ ನನಗೆ ಗೊತ್ತು. ನಮ್ಮ ಕಡೆ ಹಳಬರು ಜಮೀನ್ದಾರರ ಮುಂದೆ ನಿಂತಾಗ ಹೆಗಲ ಮೇಲಿನ ಟವಲ್ಲು ಕೈಗೆ ಬರ್ತಿತ್ತು, ಬಾಯಲ್ಲಿ "ಬುದ್ಧಿ" ಬರ್ತಿತ್ತು. ನನ್ನ "ಐ ಥಿಂಕ್ ಮೇ ಬಿ" ಆ ಟವಲ್ಲೇ. ಬಟ್ಟೆ ಬದಲಾಯ್ತು, ಕೈ ಬದಲಾಗಲಿಲ್ಲ. ಆದರೆ ಇದೇ ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ, 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಭೂಮಿಯ ಒಡೆಯ. ಆ "ನೇ" ನೋಡಿ. ಇಡೀ ಕಾನೂನು ಆ ಒಂದು ಒತ್ತಿನ ಮೇಲೆ ನಿಂತಿದೆ. ಗೇಣಿದಾರರು ನಮೂನೆ 7ರ ಅರ್ಜಿ ಹಾಕಿ, ಭೂ ನ್ಯಾಯಮಂಡಳಿ ಮುಂದೆ ನಿಂತು, ಈ ಜಮೀನು ಉಳ್ತಿರೋನು ನಾನೇ ಅಂತ ಹೇಳಬೇಕಿತ್ತು. "ನಾನು ಉಳ್ತಾ ಇದ್ದಿರಬಹುದು ಬುದ್ಧಿ" ಅಂದಿದ್ದರೆ ಜಮೀನು ಸಿಗ್ತಿತ್ತಾ? ಜೀವಮಾನದಲ್ಲಿ ಎದುರು ಮಾತಾಡದವರು ಅವತ್ತು ಒಂದು "ಏ" ಉಚ್ಚರಿಸಿದರು. ಆ ಹೊಲದ ಅನ್ನ ತಿಂದು ಓದಿದ ಎಷ್ಟೋ ಮಕ್ಕಳು ಇವತ್ತು ಮಾನ್ಯತಾ ಟೆಕ್‌ಪಾರ್ಕಿನಲ್ಲಿ ಕೂತು "ಐ ಫೀಲ್ ಇಟ್ ಮೈಟ್ ಬಿ ಸಮ್‌ವಾಟ್" ಅಂತ ಬರೀತಿದ್ದೀವಿ.

ಹಾಗಂತ ಟ್ರೇನರ್ ಹೇಳಿದ ಕಾನ್ಫಿಡೆನ್ಸ್ ಬೇಕು ಅಂತಲ್ಲ. ಆ ಗೇಣಿದಾರ ಧೈರ್ಯವಾಗಿ ಹೇಳಿದ್ದು ಅವನು ನಿಜವಾಗಿ ಉಳ್ತಿದ್ದ ಕಾರಣಕ್ಕೆ. ಉಳದವನು "ನಾನೇ" ಅಂದರೆ ಅದು ಧೈರ್ಯವಲ್ಲ, ಕಬಳಿಕೆ. ಅನುಮಾನ ಇರುವ ಕಡೆ ಬೇಲಿ ಹಾಕಿ, ಹಾಕಿದ ಕಾರಣವನ್ನೂ ಬರೀರಿ. ಅನುಮಾನ ಇಲ್ಲದ ಕಡೆ ಟವಲ್ಲು ಹೆಗಲ ಮೇಲೇ ಇರಲಿ. ಅಳತೆ ಇದ್ದರೆ ಅಳತೆ ಕೊಡಿ, ವೆರಿ ಕೊಡಬೇಡಿ. ಮೇಲ್ ಕಳಿಸೋ ಮುಂಚೆ ಒಂದೊಂದು ವಾಕ್ಯದ ಕಿವಿ ಹಿಡಿದು ಕೇಳಿ: ನೀನ್ ನೋಡಿದ್ದಾ, ಕೇಳಿದ್ದಾ?

ಇದನ್ನು ಬರೆಯೋ ಮುಂಚೆ ಆ ಪಿರಿಯಾಪಟ್ಟಣದ ಹುಡುಗನಿಗೆ ಮೆಸೇಜ್ ಮಾಡಿದೆ. "ಅವತ್ತು ನಾನು ಬರೆದ ಮೇಲ್ ತಪ್ಪು. ಲೀಕ್ ಹಿಡಿದವನು ನೀನು. ನನಗೆ ಗೊತ್ತಿತ್ತು, ಹೆದರಿ ಬರೀಲಿಲ್ಲ." ಮೂರು ವಾಕ್ಯ, ಬೇಲಿ ಇಲ್ಲ, ಒತ್ತಿಲ್ಲ. ಬರೆಯೋಕೆ ಮೂರು ವರ್ಷ ಬೇಕಾಯ್ತು.

ಅರ್ಧ ಗಂಟೆ ಬಿಟ್ಟು ಉತ್ತರ ಬಂತು. "ಬುಡಿ ಅಣ್ಣ, ಆಗಿದ್ದಾಯ್ತು. ಈ ಕಂಪನೀಲಿ ನಾನು ಡೌಟ್ ಅಂತ ಬರೆಯೋದೇ ಬಿಟ್ಬುಟ್ಟಿವ್ನಿ."

ಅಷ್ಟು ದೂರ ಹೋಗಬೇಡ ಮಾರಾಯ, ಡೌಟ್ ಒಳ್ಳೇ ಪದ, ಎಲ್ಲಿ ಹಾಕಬೇಕು ಅಂತ ಗೊತ್ತಿದ್ದರೆ ಸಾಕು ಅಂತ ಬರೆದು ಕಳಿಸಿದೆ. ಭಾನುವಾರ ಊರಿಗೆ ಬರ್ತಾನಂತೆ, ಸಿಕ್ತೀನಿ ಅಂದಿದ್ದಾನೆ.